ಐದನೇ ತಿಂಗಳು, ಹೊರಗೆ ಮಳೆ, ಮನೆ ತುಂಬ ಸಲಹೆ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಬಿಜೈ ಬಾಲ್ಕನಿ
ಜೂನ್ 11, ರಾತ್ರಿ 11:52

ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ನಿದ್ದೆ ಬರುತ್ತಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಉದ್ದ ಆದರೆ ಬೈಬೇಡಿ.

ನನಗೆ ಈಗ 21 ವಾರ. ಚೊಚ್ಚಲು. ಮಂಗಳೂರಿನ ಬಿಜೈಯಲ್ಲಿ ಮೂರನೇ ಮಹಡಿಯ ಮನೆ. ಗಂಡ ಮಸ್ಕತ್‌ನಲ್ಲಿದ್ದಾರೆ, ಬರುವುದು ಸೆಪ್ಟೆಂಬರ್ ಕೊನೆಗೆ. ಅತ್ತೆ ಕಟಪಾಡಿಯಿಂದ ಬಂದು ಜೊತೆಗಿದ್ದಾರೆ. ಅಮ್ಮ ಕಾರ್ಕಳದಲ್ಲಿ. ನನಗೆ ಹಂಪನಕಟ್ಟೆ ಹತ್ತಿರ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರು.

ಡಾಕ್ಟರ್ ಎಲ್ಲ ಸರಿ ಉಂಟು ಅನ್ನುತ್ತಾರೆ. ಐದನೇ ತಿಂಗಳ ಸ್ಕ್ಯಾನ್ ಒಳ್ಳೆದು ಬಂತು. ಹಿಮೋಗ್ಲೋಬಿನ್ ಮಾತ್ರ 9.8.

ಆದರೆ ತಲೆ ಒಂದು ಕಡೆ ನಿಲ್ಲುವುದಿಲ್ಲ. ಅತ್ತೆ ಹೇಳುವುದು, ಬಂಗುಡೆ ಉಷ್ಣ, ಮುಟ್ಟಬೇಡ. ಅಮ್ಮ ಫೋನಿನಲ್ಲಿ ಹೇಳುವುದು, ಮೀನು ಬಿಟ್ಟರೆ ಮಗುವಿಗೆ ಶಕ್ತಿ ಎಲ್ಲಿಂದ ಬರಬೇಕು. ಕೆಳಗಿನ ಮನೆಯವರು ಕೇಸರಿಯ ಡಬ್ಬಿ ಕೊಟ್ಟು ಹೋದರು, ಮಗು ಬೆಳ್ಳಗೆ ಹುಟ್ಟಲಿ ಅಂತ. ಆಫೀಸಿನಲ್ಲಿ ಒಬ್ಬರು ಮೆಟ್ಟಿಲು ಹತ್ತಲೇಬೇಡ ಅನ್ನುತ್ತಾರೆ, ಇನ್ನೊಬ್ಬರು ನಡೆದಷ್ಟೂ ಹೆರಿಗೆ ಸಲೀಸು ಅನ್ನುತ್ತಾರೆ. ಮೊಬೈಲ್ ತೆಗೆದರೆ ಯಾರೋ ಒಬ್ಬಳು ಇಷ್ಟು ದೊಡ್ಡ ಹೊಟ್ಟೆ ಇಟ್ಟುಕೊಂಡು ತಲೆಕೆಳಗೆ ಯೋಗ ಮಾಡುತ್ತಿರುತ್ತಾಳೆ.

ಎಲ್ಲರ ಕೊನೆಯ ಮಾತು ಒಂದೇ. "ಆರಾಮ ಇರು, ನೀನು ಟೆನ್ಷನ್ ಮಾಡಿದರೆ ಮಗುವಿಗೆ ಹೋಗುತ್ತದೆ." ಈಗ ಟೆನ್ಷನ್ ಆಗಿದೆಯಲ್ಲ ಅನ್ನುವುದೇ ನನಗೆ ದೊಡ್ಡ ಟೆನ್ಷನ್.

ನಿಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಎಂತ? ಊಟ, ನಿದ್ದೆ, ನಡಿಗೆ, ಯಾವುದಾದರೂ ಸರಿ. ನೀವು ಮಾಡಿದ್ದನ್ನೇ ಹೇಳಿ.

ಮೂಲ್ಕಿ ಮೂರನೇ ಸೀಟು
ಜೂನ್ 12, ಬೆಳಿಗ್ಗೆ 5:48

ನನಗೆ 24 ವಾರ. ಕೇಸರಿ ಡಬ್ಬಿ ನನಗೂ ಬಂತು, ಎರಡು. ಪಾಯಸಕ್ಕೆ ಹಾಕಿ ಮುಗಿಸಿದೆವು. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುವುದು. ನಮ್ಮಿಬ್ಬರ ಬಣ್ಣ ನೋಡಿದರೆ ಡಬ್ಬಿಗೆ ಕೆಲಸ ಇಲ್ಲ ಬಿಡಿ. ಉಳಿದದ್ದಕ್ಕೆ ಉತ್ತರ ನನಗೂ ಬೇಕು, ಕೂತಿದ್ದೇನೆ.

ಸಿಸ್ಟರಕ್ಕ ಬ್ರಹ್ಮಾವರ
ಜೂನ್ 12, ಬೆಳಿಗ್ಗೆ 6:20

ಮಗಳೇ, ನಾನು 31 ವರ್ಷ ಉಪಕೇಂದ್ರ, ಹೆರಿಗೆ ವಾರ್ಡು ಅಂತ ಓಡಾಡಿ ನಿವೃತ್ತಿ ಆದವಳು. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬಂಗುಡೆಯೂ ಅಲ್ಲ, ಕೇಸರಿಯೂ ಅಲ್ಲ. ಆ 9.8.

ಬಸುರಿಯಲ್ಲಿ 11ಕ್ಕಿಂತ ಕೆಳಗೆ ಹೋದರೆ ರಕ್ತ ಕಡಿಮೆ ಅಂತ ಲೆಕ್ಕ. ರಕ್ತ ಕಡಿಮೆ ಆದಾಗ ಸುಸ್ತು, ಎದೆ ಡವಡವ, ಸಣ್ಣ ಮಾತಿಗೂ ಅಳು, ರಾತ್ರಿ ಕಾಲು ಎಳೆತ, ಎಲ್ಲ ಬರುತ್ತದೆ. ಮನೆಯವರು ಅದಕ್ಕೆ ಟೆನ್ಷನ್ ಅಂತ ಹೆಸರು ಇಡುತ್ತಾರೆ. ಕಬ್ಬಿಣದ ಮಾತ್ರೆ ಕೊಟ್ಟಿರುತ್ತಾರಲ್ಲ, ಯಾವ ಹೊತ್ತಿಗೆ, ಯಾವುದರ ಜೊತೆ ತೆಗೆದುಕೊಳ್ಳುತ್ತೀ? ಸರಿಯಾಗಿ ಹೇಳು.

ಬಿಜೈ ಬಾಲ್ಕನಿ
ಜೂನ್ 12, ಬೆಳಿಗ್ಗೆ 8:05

ಬೆಳಿಗ್ಗೆ ತಿಂಡಿ ಆದ ಕೂಡಲೇ, ಚಾ ಜೊತೆಗೆ. ಮರೆತುಹೋಗಬಾರದು ಅಂತ ಕ್ಯಾಲ್ಸಿಯಂ ಮಾತ್ರೆಯನ್ನೂ ಅದೇ ಹೊತ್ತಿಗೆ ನುಂಗುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ ಸಿಸ್ಟರ್.

ಸಿಸ್ಟರಕ್ಕ ಬ್ರಹ್ಮಾವರ
ಜೂನ್ 12, ಬೆಳಿಗ್ಗೆ 8:40

ಸಿಕ್ಕಿತು ಕಳ್ಳ!

ಚಾ, ಕಾಫಿ, ಹಾಲು, ಕ್ಯಾಲ್ಸಿಯಂ, ಇವು ಕಬ್ಬಿಣವನ್ನು ಮೈಗೆ ಹಿಡಿಯಲು ಬಿಡುವುದಿಲ್ಲ. ನೀನು ನುಂಗಿದ್ದರಲ್ಲಿ ಜಾಸ್ತಿ ಪಾಲು ಹಾಗೆಯೇ ಹೊರಗೆ ಹೋಗಿದೆ. ಹಿಂದೆ ನಮ್ಮ ಉಪಕೇಂದ್ರಕ್ಕೆ ಒಬ್ಬಳು ಬರುತ್ತಿದ್ದಳು. ಮೂರು ತಿಂಗಳು ತಪ್ಪದೆ ಮಾತ್ರೆ ತಿಂದರೂ ರಕ್ತ ಏರಲಿಲ್ಲ. ಸುಳ್ಳು ಹೇಳುತ್ತಿದ್ದಾಳೆ ಅಂತ ನಾನೇ ಜೋರು ಮಾಡಿದ್ದೆ. ಆಮೇಲೆ ಒಂದು ದಿನ ಅವಳ ಮನೆಗೆ ಹೋದಾಗ ನೋಡುತ್ತೇನೆ, ಕಿಟಕಿಯ ದಂಡೆಯಲ್ಲಿ ಮಾತ್ರೆಯ ಸ್ಟ್ರಿಪ್, ಪಕ್ಕದಲ್ಲೇ ಸ್ಟೀಲ್ ಲೋಟದಲ್ಲಿ ಕಡು ಚಾ. ನೀರಿನ ಬದಲು ಚಾ ಕುಡಿದು ನುಂಗುತ್ತಿದ್ದಳು. ಹೇಗೆ ತಿನ್ನಬೇಕು ಅಂತ ನಾವು ಒಬ್ಬರೂ ಹೇಳಿರಲಿಲ್ಲ. ಜೋರು ಮಾಡಿದ್ದಕ್ಕೆ ಈಗಲೂ ಬೇಸರ ಉಂಟು.

ಹಾಗಾಗಿ ಹೀಗೆ ಮಾಡು. ಕಬ್ಬಿಣದ ಮಾತ್ರೆ ರಾತ್ರಿ ಊಟ ಆಗಿ ಒಂದು ಗಂಟೆ ಬಿಟ್ಟು, ಲಿಂಬೆ ಹಿಂಡಿದ ನೀರಿನ ಜೊತೆ. ನೆಲ್ಲಿಕಾಯಿ ಅಥವಾ ಪೇರಳೆ ಇದ್ದರೂ ಸರಿ, ಇವುಗಳಲ್ಲಿರುವ ವಿಟಮಿನ್ ಸಿ ಇಂದ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಕ್ಯಾಲ್ಸಿಯಂ ಬೆಳಿಗ್ಗೆ ತಿಂಡಿ ಮತ್ತು ಮಧ್ಯಾಹ್ನದ ಊಟದ ಜೊತೆ. ಎರಡರ ನಡುವೆ ಕಡಿಮೆ ಅಂದರೆ ಎರಡು ಗಂಟೆ ಅಂತರ ಇರಲಿ. ಸರ್ಕಾರದಿಂದ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ 180 ದಿನ ದಿನಕ್ಕೊಂದು. ರಕ್ತ ಕಡಿಮೆ ಇದ್ದವರಿಗೆ ಎರಡು ಮಾಡುತ್ತಾರೆ, ಅದನ್ನು ನಿನ್ನ ಡಾಕ್ಟರ್ ಹೇಳಬೇಕು, ನೀನೇ ಏರಿಸಬೇಡ. ಮಲ ಕಪ್ಪಗೆ ಹೋದರೆ ಹೆದರಬೇಡ, ಅದು ಮಾತ್ರೆಯ ಬಣ್ಣ.

ಚಾ ಬಿಡು ಅಂತ ಹೇಳುತ್ತಿಲ್ಲ. ಮಂಗಳೂರಿನವರಿಗೆ ಹಾಗೆ ಹೇಳಿ ಬದುಕುವುದುಂಟಾ? ದಿನಕ್ಕೆ ಎರಡು ಸಣ್ಣ ಲೋಟ ಕುಡಿ, ಊಟಕ್ಕೂ ಮಾತ್ರೆಗೂ ದೂರ ಇಡು.

ರಥಬೀದಿ ಅಡುಗೆಮನೆ
ಜೂನ್ 12, ಬೆಳಿಗ್ಗೆ 11:15

ಅಯ್ಯೋ ಸಿಸ್ಟರಕ್ಕ, ನನಗೆ ಎರಡು ಹೆರಿಗೆ ಆಗಿದೆ, ಈ ಚಾ ವಿಷಯ ಇವತ್ತೇ ಗೊತ್ತಾದದ್ದು.

ನಾವು ಸಸ್ಯಾಹಾರಿಗಳು, ಉಡುಪಿ. ನಮ್ಮಲ್ಲಿ ಮೀನಿನ ತಕರಾರು ಇಲ್ಲ, ಆದರೆ ಪ್ರೋಟೀನಿನ ತಕರಾರು ಉಂಟು. ಅನ್ನ, ಸಾರು, ಒಂದು ಚಮಚ ಪಲ್ಯ, ಮಜ್ಜಿಗೆ. ಹೊಟ್ಟೆ ತುಂಬುತ್ತದೆ, ಮೈಗೆ ಸಾಲುವುದಿಲ್ಲ. ಎರಡನೆಯ ಸಲ ನಾನು ಮಾಡಿದ್ದು ಇಷ್ಟೇ: ಹೆಸರುಕಾಳು ಇಲ್ಲವೇ ಹುರುಳಿ ದಿನಾ ಒಂದು ಹೊತ್ತು, ಬಸಳೆ ಹುಳಿ ವಾರಕ್ಕೆ ಮೂರು ಸಲ, ಹನ್ನೊಂದು ಗಂಟೆಗೆ ಒಂದು ಮುಷ್ಟಿ ನೆಲಗಡಲೆ ಬೆಲ್ಲ. ಒಂದೆಲಗದ ತಂಬುಳಿ ಊಟಕ್ಕೆ ರುಚಿ ಕೊಡುತ್ತದೆ, ಬಾಯಿ ಸಪ್ಪೆ ಇರುವಾಗ ಅದೊಂದೇ ಇಳಿಯುತ್ತಿತ್ತು. ಬಿ12 ಮಾತ್ರ ಸೊಪ್ಪಿನಲ್ಲಿ ಸಿಗುವುದಿಲ್ಲ, ಹಾಲು ಮೊಸರು ಕಡಿಮೆ ತಿನ್ನುವವರು ಡಾಕ್ಟರಲ್ಲಿ ಕೇಳಿ.

ವಾಕರಿಕೆಗೆ ಹಾಸಿಗೆಯ ಪಕ್ಕ ಒಣ ಅವಲಕ್ಕಿ ಇಟ್ಟುಕೊಳ್ಳುತ್ತಿದ್ದೆ. ಏಳುವ ಮೊದಲು ನಾಲ್ಕು ಕಾಳು ಬಾಯಿಗೆ. ಇರುವೆ ಬರುತ್ತಿತ್ತು, ಅದು ಬೇರೆ ಕತೆ.

ಮಲ್ಪೆ ಮೀನ್ ಮನೆ
ಜೂನ್ 12, ಮಧ್ಯಾಹ್ನ 2:30

ಬಂಗುಡೆಯ ಪರವಾಗಿ ನಾನು ಮಾತಾಡುತ್ತೇನೆ. ನಮ್ಮದು ಮೀನಿನ ವ್ಯಾಪಾರದ ಮನೆ, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು, ನೋಡಿಕೊಳ್ಳಿ.

ಮೀನಿನಲ್ಲಿ ಭಯ ಪಡಬೇಕಾದ್ದು ಪಾದರಸಕ್ಕೆ. ಅದು ದೊಡ್ಡ ಮೀನಿನಲ್ಲಿ ಜಾಸ್ತಿ. ದೊಡ್ಡದು ಸಣ್ಣದನ್ನು ತಿಂದು ತಿಂದು ಪಾದರಸ ಅದರ ಮೈಯಲ್ಲೇ ಕೂಡುತ್ತಾ ಹೋಗುತ್ತದೆ. ಹಾಗಾಗಿ ತಾಟೆ (ಶಾರ್ಕ್) ಬೇಡ. ದೊಡ್ಡ ಅಂಜಲ್ ಅಪರೂಪಕ್ಕೆ ಸಾಕು. ಮಜಾ ಏನೆಂದರೆ, ಬಸುರಿ ಅಂತ ಪ್ರೀತಿಯಿಂದ ಎಲ್ಲರೂ ತರುವುದು ಅದೇ ಅಂಜಲ್! ಬೂತಾಯಿ, ಬಂಗುಡೆ, ನಂಗ್, ಕಾಣೆ, ಇವೆಲ್ಲ ಸಣ್ಣ ಮೀನು. ವಾರಕ್ಕೆ ಎರಡು ಮೂರು ಸಲ ಧಾರಾಳ ತಿನ್ನಬಹುದು. ಬೂತಾಯಿ, ಬಂಗುಡೆಯ ಕೊಬ್ಬು ಮಗುವಿನ ಮೆದುಳಿಗೂ ಕಣ್ಣಿಗೂ ಒಳ್ಳೆದು. ಚೆನ್ನಾಗಿ ಬೇಯಬೇಕು ಅಷ್ಟೆ.

ಈಗ ಒಂದು ತೊಂದರೆ ಉಂಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ. ಮಾರ್ಕೆಟಿಗೆ ಬರುವುದರಲ್ಲಿ ಐಸಿನದ್ದು, ಹೊರಗಿನಿಂದ ಬಂದದ್ದು ಜಾಸ್ತಿ. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಸಂಶಯ ಬಂದರೆ ಬಿಡಿ, ಮೊಟ್ಟೆ ತಿನ್ನಿ. ಒಣಮೀನಿನ ಚಟ್ನಿ ಮಳೆಗಾಲದಲ್ಲಿ ಯಾರು ಬಿಡುತ್ತಾರೆ, ಆದರೆ ಅದು ಉಪ್ಪಿನ ಗಣಿ. ಬಿಪಿ ಏರಿದವರು ದೂರ ಇರಬೇಕು.

ಬಿಜೈ ಬಾಲ್ಕನಿ
ಜೂನ್ 12, ರಾತ್ರಿ 9:30

ಇದನ್ನು ಅತ್ತೆಗೆ ಓದಿ ಹೇಳಿದೆ. "ಮೊಬೈಲಿನವರು ಹೇಳಿದರೆ ಆಯಿತು, ನಾವು ಹೇಳಿದರೆ ಆಗುವುದಿಲ್ಲ" ಅಂದರು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ಜೋರಾಗಿ ಕೇಳುತ್ತಿದೆ.

ನಾನೂ ಅತ್ತೆಯೇ
ಜೂನ್ 13, ಬೆಳಿಗ್ಗೆ 7:00

ಬಿಜೈಯ ಹುಡುಗಿ, ಸ್ವಲ್ಪ ನಿನ್ನ ಅತ್ತೆಯ ಕಡೆ ಮಾತಾಡಲು ಬಿಡು.

ನನ್ನ ಮೊದಲ ಹೆರಿಗೆ 1988ರಲ್ಲಿ, ಲೇಡಿಗೋಷನ್ ಆಸ್ಪತ್ರೆಯಲ್ಲಿ. ಸ್ಕ್ಯಾನ್ ಗೀನ್ ನಾನು ಕಂಡವಳಲ್ಲ. ಒಳಗೆ ಎಂತ ಆಗುತ್ತಿದೆ ಅಂತ ಯಾರಿಗೂ ಕಾಣುತ್ತಿರಲಿಲ್ಲ, ಹಾಗಾಗಿ ಕೈಗೆ ಸಿಗುವುದನ್ನೇ ಕಾಯುತ್ತಿದ್ದೆವು. ಇದು ತಿನ್ನಬೇಡ, ಅಲ್ಲಿಗೆ ಹೋಗಬೇಡ. ಗ್ರಹಣದ ದಿನ ನನ್ನ ಅತ್ತೆ ನನ್ನನ್ನು ಕೋಣೆಯಿಂದ ಹೊರಗೆ ಬಿಟ್ಟಿರಲಿಲ್ಲ. ಚೂರಿ ಮುಟ್ಟುವ ಹಾಗಿಲ್ಲ, ನೀರೂ ಇಲ್ಲ. ಅವರಿಗೆ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು ಅಂತ ನನಗೆ ಗೊತ್ತಾದದ್ದು ಹತ್ತು ವರ್ಷ ಆದ ಮೇಲೆ. ಗ್ರಹಣದಿಂದ ಮಗುವಿಗೆ ಎಂತದೂ ಆಗುವುದಿಲ್ಲ, ನನ್ನ ಸೊಸೆಗೆ ನಾನು ನೀರು, ಊಟ ಎಲ್ಲ ಕೊಟ್ಟೆ. ಆದರೆ ಅವರು ಯಾಕೆ ಹೆದರಿದ್ದು ಅನ್ನುವುದು ಈಗ ತಿಳಿಯುತ್ತದೆ.

ಒಂದು ಉಪಾಯ ಹೇಳುತ್ತೇನೆ. ಮುಂದಿನ ಸಲ ಡಾಕ್ಟರಲ್ಲಿಗೆ ಹೋಗುವಾಗ ಅತ್ತೆಯನ್ನು ಹೊರಗೆ ಬೆಂಚಿನಲ್ಲಿ ಕೂರಿಸಬೇಡ. ಒಳಗೆ ಕರೆದುಕೊಂಡು ಹೋಗು. ಅವರಿಗೆ ಕೇಳಬೇಕಾದ್ದನ್ನು ಅವರೇ ಕೇಳಲಿ. ಡಾಕ್ಟರ್ ಮುಖ ನೋಡಿ ಹೇಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ನನ್ನ ಸೊಸೆ ಹಾಗೆ ಮಾಡಿದ್ದಳು. ಮೊದಲು ನನಗೆ ಅವಮಾನ ಆದ ಹಾಗೆ ಆಯಿತು, ಆಮೇಲೆ ಆಟೋದಲ್ಲಿ ಬರುವಾಗ ನಾನೇ ಅವಳಿಗೆ ಪೇರಳೆ ತೆಗೆದುಕೊಟ್ಟೆ.

ದುಬೈ ಶಿಫ್ಟ್
ಜೂನ್ 13, ಮಧ್ಯಾಹ್ನ 1:10

ಗಂಡಸರು ಬರೆಯಬಹುದಾ? ನಾನೂ ಹೊರಗೆ ಇರುವವನು. ಹೆಂಡತಿ ಸುರತ್ಕಲ್‌ನಲ್ಲಿ, ಏಳನೇ ತಿಂಗಳು. ದಿನಾ ಫೋನ್ ಮಾಡುತ್ತೇನೆ. "ಊಟ ಆಯಿತಾ, ಮಾತ್ರೆ ಆಯಿತಾ" ಅಂತ ಕೇಳಿದರೆ ಸಿಟ್ಟು ಮಾಡುತ್ತಾಳೆ. ಇಷ್ಟು ದೂರದಿಂದ ಬೇರೆ ಎಂತ ಮಾಡುವುದು?

ಮೂಲ್ಕಿ ಮೂರನೇ ಸೀಟು
ಜೂನ್ 13, ಮಧ್ಯಾಹ್ನ 1:25

ಅಣ್ಣ, ಹಾಜರಿ ಕರೆಯುವುದು ನಿಲ್ಲಿಸಿ. ಕರೆಂಟ್ ಬಿಲ್, ಗ್ಯಾಸ್ ಬುಕಿಂಗ್, ಸ್ಕ್ಯಾನಿಗೆ ಟೈಮ್ ತೆಗೆದುಕೊಳ್ಳುವುದು, ಎಲ್ಲ ಅಲ್ಲಿಂದಲೇ ಮಾಡಬಹುದು. ರಾತ್ರಿ ಎರಡು ಗಂಟೆಗೆ ನೋವು ಬಂದರೆ ಯಾರ ಕಾರು, ಯಾರು ಓಡಿಸುವುದು, ಯಾವ ದಾರಿಯಲ್ಲಿ ಹೋಗುವುದು ಅಂತ ಇವತ್ತೇ ಮೂರು ಜನರಿಗೆ ಫೋನ್ ಮಾಡಿ ನಿಶ್ಚಯ ಮಾಡಿ. ಯಾರೂ ಸಿಗದಿದ್ದರೆ 108. ನನ್ನ ಗಂಡ ಇಲ್ಲೇ ಇದ್ದರೂ ಇದನ್ನು ಮಾಡಿದ್ದು ಮೊನ್ನೆ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು, ಸತ್ಯ.

ದುಬೈ ಶಿಫ್ಟ್
ಜೂನ್ 13, ಮಧ್ಯಾಹ್ನ 1:31

ಗ್ಯಾಸ್ ಬುಕ್ ಮಾಡಿದೆ.

ಶಂಕರಪುರ ಮಲ್ಲಿಗೆ
ಜೂನ್ 14, ಸಂಜೆ 4:45

ಮನಸ್ಸಿನ ವಿಷಯಕ್ಕೆ ಬಂದರೆ, ನನಗೆ ಸಮಾಧಾನ ಕೊಟ್ಟದ್ದು ಹೂ ಕಟ್ಟುವುದು. ನಮ್ಮ ಮನೆಯಲ್ಲಿ ಮಲ್ಲಿಗೆ ಗಿಡ ಉಂಟು. 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಆದರೆ ಒಂದು ಅಟ್ಟೆ. ಬಾಳೆನಾರು ನೀರಿನಲ್ಲಿ ನೆನೆಸಿ, ಎಡಗೈಯಲ್ಲಿ ಮೊಗ್ಗು ಜೋಡಿಸಿ, ಬಲಗೈಯಲ್ಲಿ ಸುತ್ತು ಹಾಕಿ ಎಳೆಯುವುದು. ಇನ್ನೂರು ಆಗುವಾಗ ಉಸಿರು ತನ್ನಷ್ಟಕ್ಕೆ ನಿಧಾನ ಆಗುತ್ತದೆ. ಕಣ್ಣು ಮುಚ್ಚಿ ಕೂತು ಧ್ಯಾನ ಮಾಡಲು ಹೋದರೆ ನನಗೆ ಬ್ಯಾಂಕಿನ ಸಾಲ ನೆನಪಾಗುತ್ತಿತ್ತು. ಕೈಗೆ ಕೆಲಸ ಇದ್ದರೆ ಅದೂ ಬರುವುದಿಲ್ಲ. ನಿಮಗೆ ಹೂವು ಇಲ್ಲದಿದ್ದರೆ ಬಟಾಣಿ ಸುಲಿಯಿರಿ, ಸ್ವೆಟರ್ ಹೆಣೆಯಿರಿ. ಮಂಗಳೂರಿನಲ್ಲಿ ಸ್ವೆಟರ್ ಯಾರಿಗೆ ಅಂತ ಕೇಳಬೇಡಿ.

ಒಂದು ತಪ್ಪು ಮಾಡಿದ್ದೆ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಎರಡು ಗಂಟೆ ಏಳದೆ ಕೂತು, ಕಾಲು ಜೋಮು ಹಿಡಿದು, ಏಳುವಾಗ ಗೋಡೆಗೆ ಬಿದ್ದೆ. ಆಮೇಲೆ ಕುರ್ಚಿ ತಂದುಕೊಟ್ಟರು. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದವರೆಗೆ ಹೋಗಿ ಬರುವುದು.

ಬಂಟ್ವಾಳ ಆಶಾ
ಜೂನ್ 14, ರಾತ್ರಿ 8:20

ಕೂತು ಮಾಡುವ ಕೆಲಸದ ಮಾತು ಬಂತಲ್ಲ, ಇದನ್ನು ಹೇಳಲೇಬೇಕು. ನಮ್ಮ ಕಡೆ ಬೀಡಿ ಕಟ್ಟುವ ಬಸುರಿಯರು ತುಂಬ. ಮನೆಯ ಒಳಗೇ ಕೆಲಸ, ಬಿಸಿಲಿಲ್ಲ, ಭಾರ ಎತ್ತುವುದಿಲ್ಲ, ಹಾಗಾಗಿ ಇದು ಆರಾಮದ ಕೆಲಸ ಅಂತ ಎಲ್ಲರ ಲೆಕ್ಕ. ಆರಾಮ ಎಂತದೂ ಇಲ್ಲ. ಹೊಗೆಸೊಪ್ಪಿನ ಹುಡಿ ಉಸಿರಿನಲ್ಲಿ ಹೋಗುತ್ತದೆ, ನಿಕೋಟಿನ್ ಕೈಯ ಚರ್ಮದಿಂದಲೂ ಒಳಗೆ ಇಳಿಯುತ್ತದೆ. ಬೀಡಿ ಸೇದದಿದ್ದರೂ ಮೈಗೆ ತಂಬಾಕು ಸೇರುತ್ತದೆ. ಗೆರಸೆ ಮೊಣಕಾಲ ಮೇಲೆ, ಬೆನ್ನು ಬಾಗಿ, ದಿನಕ್ಕೆ ಎಂಟು ಗಂಟೆ.

ಕೆಲಸ ಬಿಡು ಅಂತ ಹೇಳುವುದು ಸುಲಭ. ವಾರದ ದುಡ್ಡು ಯಾರು ಕೊಡುತ್ತಾರೆ? ನಾನು ಹೇಳುವುದು ಇಷ್ಟು: ಸಾಧ್ಯ ಆದರೆ ಈ ತಿಂಗಳುಗಳಲ್ಲಿ ಮನೆಯ ಬೇರೆಯವರು ಕಟ್ಟಲಿ. ಆಗದಿದ್ದರೆ ಬಾಗಿಲು ಕಿಟಕಿ ತೆರೆದು ಜಗಲಿಯಲ್ಲಿ ಕೂರಿ, ಮಲಗುವ ಕೋಣೆಯಲ್ಲಿ ಸೊಪ್ಪು ಇಡಬೇಡಿ, ತಿನ್ನುವ ಮೊದಲು ಸಾಬೂನಿನಲ್ಲಿ ಕೈ ತೊಳೆಯಿರಿ, ಸೀರೆ ಬದಲಿಸಿ ಮಲಗಿ.

ಇನ್ನೊಂದು. ತಾಯಿ ಕಾರ್ಡ್ (ಬಸುರಿಯ ತಪಾಸಣೆ ಬರೆದಿಡುವ ಸರ್ಕಾರಿ ಕಾರ್ಡ್) ಮಾಡಿಸಿಕೊಳ್ಳಿ, ಖಾಸಗಿಯಲ್ಲಿ ತೋರಿಸುವವರೂ. ಪ್ರತಿ ತಿಂಗಳು 9ನೇ ತಾರೀಕಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ಡಾಕ್ಟರ್ ತಪಾಸಣೆ ಇರುತ್ತದೆ. ಮಳೆಗಾಲದಲ್ಲಿ ಸೊಳ್ಳೆ ಪರದೆ ಬಿಡಬೇಡಿ. ಮಂಗಳೂರಿನ ಮಲೇರಿಯಾ ಎಲ್ಲರಿಗೂ ಗೊತ್ತಿದೆ, ಬಸುರಿಗೆ ಬಂದರೆ ರಕ್ತ ಇನ್ನೂ ಇಳಿಯುತ್ತದೆ. ಜ್ವರ ಬಂದರೆ ಕಷಾಯ ಕುಡಿದು ನೋಡುವ ಅಂತ ಕೂರಬೇಡಿ, ಅದೇ ದಿನ ರಕ್ತ ಪರೀಕ್ಷೆ.

ಮಗು ಭಾಗ್ಯ ಕೋರ್ಸ್
ಜೂನ್ 15, ಬೆಳಿಗ್ಗೆ 10:02

[ಈ ಬರಹವನ್ನು ತೆಗೆಯಲಾಗಿದೆ: ಜಾಹೀರಾತು]

ರಥಬೀದಿ ಅಡುಗೆಮನೆ
ಜೂನ್ 15, ಬೆಳಿಗ್ಗೆ 10:20

ತೆಗೆಯುವ ಮೊದಲು ಓದಿದೆ. ದಿನಕ್ಕೆ ಒಂದು ಗಂಟೆ ವೀಣೆ ಕೇಳಿದರೆ ಮಗು ಬುದ್ಧಿವಂತ ಆಗುತ್ತದಂತೆ, ಎಂಟು ಸಾವಿರ ರೂಪಾಯಿ. ನಾನು ಹೊಟ್ಟೆಯಲ್ಲಿ ಮಗಳಿದ್ದಾಗ ರಾತ್ರಿಯಿಡೀ ಯಕ್ಷಗಾನದ ಚೆಂಡೆ ಕೇಳಿದವಳು. ಅವಳೀಗ ಒಂದು ಕಡೆ ಕೂರುವುದಿಲ್ಲ. ಅಷ್ಟೇ ಪರಿಣಾಮ.

ಹೆಸರು ಬೇಡ
ಜೂನ್ 16, ರಾತ್ರಿ 1:15

ಎಲ್ಲರೂ ತಮಾಷೆಯಾಗಿ ಮಾತಾಡುತ್ತಿದ್ದೀರಿ, ಓದಲು ಖುಷಿ ಆಗುತ್ತದೆ. ನನ್ನದು ಸ್ವಲ್ಪ ಬೇರೆ.

ಹೋದ ವರ್ಷ ಆರನೇ ತಿಂಗಳಲ್ಲಿ ನನಗೆ ಎಂತದೂ ಬೇಡ ಅನಿಸಲು ಶುರುವಾಯಿತು. ಅಳುವೂ ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವುದೇ ದೊಡ್ಡ ಕೆಲಸ. ಮಗು ಒದ್ದರೂ ಏನೂ ಅನಿಸುತ್ತಿರಲಿಲ್ಲ, ಆ ವಿಷಯ ಯಾರಿಗೂ ಹೇಳಲಿಲ್ಲ, ಹೇಳಿದರೆ ಇವಳೆಂತ ತಾಯಿ ಅನ್ನುತ್ತಾರೆ ಅಂತ. ತೋರಿಸುತ್ತಿದ್ದ ಕಡೆ ಒಮ್ಮೆ ಬಾಯಿ ಬಿಟ್ಟೆ. "ಎಲ್ಲರಿಗೂ ಹಾಗೆಯೇ, ಒಳ್ಳೆಯದನ್ನು ಯೋಚಿಸಿ" ಅಂತ ಹೇಳಿ ಮುಂದಿನವರನ್ನು ಕರೆದರು.

ಒಂದು ತಿಂಗಳು ಹಾಗೆಯೇ ಹೋಯಿತು. ಆಮೇಲೆ ತಂಗಿ ನನ್ನ ಎದುರೇ 14416ಕ್ಕೆ ಫೋನ್ ಮಾಡಿದಳು. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಯಾವ ಹೊತ್ತಿಗೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿ ಮಾತಾಡಿದವರು ಮಾನಸಿಕ ತಜ್ಞರನ್ನು ನೋಡಿ ಅಂದರು. ನೋಡಿದೆ. ಬಸುರಿಯಲ್ಲೂ ಕೊಡಬಹುದಾದ ಔಷಧಿ ಇರುತ್ತದೆ ಅಂತ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಎರಡು ವಾರ ಬಿಟ್ಟೂ ಬೇಸರ ಇಳಿಯದಿದ್ದರೆ, ನಿದ್ದೆ ಊಟ ಕೆಟ್ಟರೆ, ಬದುಕುವುದು ಬೇಡ ಅನಿಸಿದರೆ, ಹೂ ಕಟ್ಟುವುದರಿಂದ ಸರಿ ಆಗುವುದಿಲ್ಲ. ಶಂಕರಪುರದ ಅಕ್ಕ ಬೇಸರ ಮಾಡಿಕೊಳ್ಳಬೇಡಿ.

ಮಗನಿಗೆ ಈಗ ಒಂಬತ್ತು ತಿಂಗಳು. ಇದನ್ನು ಬರೆಯುವಾಗ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾನೆ.

ಶಂಕರಪುರ ಮಲ್ಲಿಗೆ
ಜೂನ್ 16, ಬೆಳಿಗ್ಗೆ 6:05

ಬೇಸರ ಎಂತಕ್ಕೆ ಮಾರಾಯ್ತಿ. ನೀವು ಬರೆದದ್ದು ಒಳ್ಳೆದಾಯಿತು. ನಂಬರ್ ಬರೆದಿಟ್ಟುಕೊಂಡೆ, ನಮ್ಮ ನೆರೆಮನೆಯ ಹುಡುಗಿಗೆ ಬೇಕು.

ಬಿಜೈ ಬಾಲ್ಕನಿ
ಜುಲೈ 3, ರಾತ್ರಿ 10:10

24 ವಾರ. ಸ್ವಲ್ಪ ವರದಿ ಒಪ್ಪಿಸುತ್ತೇನೆ.

ಅತ್ತೆಯನ್ನು ಒಳಗೆ ಕರೆದುಕೊಂಡು ಹೋದೆ. ಅವರು ರವಿಕೆಯಿಂದ ಒಂದು ಚೀಟಿ ತೆಗೆದರು! ಹಾಲಿನ ಪ್ಯಾಕೆಟಿನ ಬಿಲ್ಲಿನ ಹಿಂದೆ ಮೂರು ಪ್ರಶ್ನೆ ಬರೆದುಕೊಂಡು ಬಂದಿದ್ದರು. ಬಂಗುಡೆ ಕೊಡಬಹುದಾ. ಪಪ್ಪಾಯಿ ಪೂರ್ತಿ ಬಿಡಬೇಕಾ. ಮೂರನೆಯದು, "ಇವಳು ರಾತ್ರಿ ಒಬ್ಬಳೇ ಅಳುತ್ತಾಳೆ, ನಾನು ಹೋಗಿ ಮಾತಾಡಿಸಬಹುದಾ, ಇಲ್ಲ ಬಿಟ್ಟುಬಿಡಬೇಕಾ." ಡಾಕ್ಟರ್ ನನ್ನ ಮುಖ ನೋಡಿದರು, ನಾನು ಫ್ಯಾನ್ ನೋಡಿದೆ.

ಬಂಗುಡೆ ಕೊಡಿ ಅಂದರು. ಪಪ್ಪಾಯಿ ಹಸಿ ಮತ್ತು ಅರೆಹಣ್ಣು ಬೇಡ, ಅದರ ಹಾಲು ಗರ್ಭಕೋಶಕ್ಕೆ ಒಳ್ಳೆದಲ್ಲ; ಪೂರ್ತಿ ಹಣ್ಣಾದದ್ದಕ್ಕೆ ತೊಂದರೆ ಇಲ್ಲ ಅಂದರು. ಮೂರನೆಯದಕ್ಕೆ ಉತ್ತರ ಮನೆಗೆ ಬಂದ ಮೇಲೆ ನಾವೇ ಹುಡುಕಿಕೊಂಡೆವು. ಈಗ ರಾತ್ರಿ ಒಂಬತ್ತಕ್ಕೆ ಇಬ್ಬರೂ ಬಾಲ್ಕನಿಯಲ್ಲಿ ಕೂರುತ್ತೇವೆ, ಅವರಿಗೆ ಕಷಾಯ, ನನಗೆ ಲಿಂಬೆ ನೀರು ಮತ್ತು ಕೆಂಪು ಮಾತ್ರೆ.

ಸಕ್ಕರೆ ಪರೀಕ್ಷೆಯೂ ಆಯಿತು. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆದರು. 140 ಅಥವಾ ಮೇಲೆ ಬಂದರೆ ಬಸುರಿಯ ಸಕ್ಕರೆ ಕಾಯಿಲೆ, ನನಗೆ 128. ಕುಚ್ಚಲಕ್ಕಿ ಅನ್ನ ಆದರೂ ಗುಡ್ಡೆ ಹಾಕಿಕೊಂಡು ತಿನ್ನಬೇಡ ಅಂದಿದ್ದಾರೆ.

ಈಗಿನ ತೊಂದರೆ ಎರಡು. ಒಂದು, ಮಗ್ಗುಲು ಮಲಗಿದರೆ ಸೊಂಟ ನೋವು. ಇನ್ನೊಂದು, ಮಳೆಯಲ್ಲಿ ನಡೆಯುವುದು ಎಲ್ಲಿ?

ಮೂಲ್ಕಿ ಮೂರನೇ ಸೀಟು
ಜುಲೈ 3, ರಾತ್ರಿ 10:45

ಚೀಟಿಯ ವಿಷಯ ಓದಿ ಕಣ್ಣು ತುಂಬಿತು.

ದಿಂಬು ಮೂರು ಬೇಕು. ಒಂದು ತಲೆಗೆ. ಒಂದು ಎರಡು ಮೊಣಕಾಲಿನ ನಡುವೆ, ಹಿಮ್ಮಡಿಯವರೆಗೂ ಬರುವಷ್ಟು ಉದ್ದದ್ದು. ಮೊಣಕಾಲಿಗೆ ಮಾತ್ರ ಇಟ್ಟರೆ ಸೊಂಟ ತಿರುಚುತ್ತದೆ. ಮೂರನೆಯದು ತೆಳ್ಳಗೆ, ಹೊಟ್ಟೆಯ ಅಡಿಗೆ. ಹಳೆ ಬೆಡ್‌ಶೀಟ್ ಸುತ್ತಿದರೂ ಆಗುತ್ತದೆ, ನನ್ನದು ಅದೇ. 28 ವಾರ ಆದ ಮೇಲೆ ಮಗ್ಗುಲಲ್ಲೇ ಮಲಗಲು ಶುರುಮಾಡಬೇಕು, ಎಡ ಆದರೆ ಒಳ್ಳೆದು. ನಡುರಾತ್ರಿ ಅಂಗಾತ ಆಗಿದ್ದರೆ ಗಾಬರಿ ಬೇಡ, ತಿರುಗಿ ಮಲಗಿದರೆ ಆಯಿತು.

ನಡಿಗೆಗೆ ಬಿಸಿಲು ಬಿದ್ದ ದಿನ ಕದ್ರಿ ಪಾರ್ಕ್. ಮಳೆ ಬಿದ್ದರೆ ನಿಮ್ಮ ಕಟ್ಟಡದ ಕೆಳಗೆ ಕಾರು ನಿಲ್ಲಿಸುವ ಜಾಗ ಇಲ್ಲವಾ? ನಾನು ಅಲ್ಲೇ ಹದಿನೈದು ಸುತ್ತು. ಪಾಚಿ ಕಟ್ಟಿದ ಅಂಗಳಕ್ಕೆ ಮಾತ್ರ ಇಳಿಯಬೇಡಿ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಆದರೆ ಸಾಕು. ನಡೆಯುವಾಗ ಮಾತಾಡಲು ಆಗಬೇಕು. ಏದುಸಿರು ಬಂದರೆ ನಿಧಾನ ಮಾಡಿ.

ಬಸ್ಸಿನಲ್ಲಿ ಬರುವವರಿಗೆ ಒಂದು ಮಾತು, ಹಿಂದಿನ ಸೀಟು ಬೇಡವೇ ಬೇಡ. ಎಕ್ಸ್‌ಪ್ರೆಸ್ ಬಸ್ಸು ಹೊಂಡಕ್ಕೆ ಇಳಿದರೆ ಅಲ್ಲಿ ಕೂತವರು ಮಾಡಿಗೆ ತಾಗುತ್ತಾರೆ. ನಾನು ಹತ್ತುವಾಗಲೇ ಕಂಡಕ್ಟರ್ ವಿಸಿಲ್ ಬಾಯಿಯಿಂದ ತೆಗೆದು "ಮೂರನೇ ಸೀಟು ಬಿಡಿ ಮಾರಾಯ್ರೆ" ಅಂತ ಕೂಗುತ್ತಾನೆ. ಹೆಸರು ಹಾಗೆ ಬಂದದ್ದು.

ಬಿಜೈ ಬಾಲ್ಕನಿ
ಜುಲೈ 20, ಸಂಜೆ 7:15

ಆಟಿ ಅಮಾವಾಸ್ಯೆ ಬರುತ್ತಿದೆ. ಅಮ್ಮ ಆ ದಿನದ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಒಂದು ಚಮಚ ಕುಡಿ ಅನ್ನುತ್ತಾರೆ. ಆಶ್ಚರ್ಯ, ಈ ಸಲ ಅತ್ತೆ ಬೇಡ ಅನ್ನುತ್ತಾರೆ.

ಸಿಸ್ಟರಕ್ಕ ಬ್ರಹ್ಮಾವರ
ಜುಲೈ 20, ರಾತ್ರಿ 8:00

ಅತ್ತೆಯ ಮಾತು ಕೇಳು. ಬಸುರಿಯರು ಕುಡಿಯುವುದು ಬೇಡ. ಕಹಿ ಕೆತ್ತೆಯ ರಸ, ಎಷ್ಟು ಗಟ್ಟಿ ಅಂತ ಲೆಕ್ಕ ಇಲ್ಲ. ಅದರ ಮೇಲೆ ಸೂರ್ಯ ಹುಟ್ಟುವ ಮೊದಲು ಕತ್ತಲೆಯಲ್ಲಿ ತರುವುದು, ಪಾಲೆ ಅಂತ ವಿಷದ ಕಾಸರಕ ಮರದ ಕೆತ್ತೆ ತಂದು ಜೀವ ಹೋದದ್ದೂ ಉಂಟು. ಆಮೇಲೆ ಮೆಂತೆ ಗಂಜಿ ಮಾಡುತ್ತಾರಲ್ಲ, ಅದನ್ನು ಒಂದು ಬಟ್ಟಲು ತಿನ್ನು, ಅಮ್ಮನಿಗೂ ಸಮಾಧಾನ. ಪತ್ರೊಡೆಯೂ ಇರಲಿ.

ಇದೇ ಹೊತ್ತಿಗೆ ಇನ್ನೊಂದು ಹೇಳಿಬಿಡುತ್ತೇನೆ, ಎಲ್ಲರೂ ಓದಿ. ಬಿಡದ ತಲೆನೋವು, ಕಣ್ಣು ಮಂಜು, ಮುಖ ಕೈ ಒಮ್ಮೆಲೇ ಊದುವುದು, ಎದೆಗೂಡಿನ ಕೆಳಗೆ ನೋವು, ಇವು ಬಿಪಿ ಏರಿದ ಗುರುತು. 140/90 ಆದರೆ ಅದೇ ದಿನ ತೋರಿಸಬೇಕು. ರಕ್ತ ಹೋದರೆ, ನೀರು ಹೋದರೆ, ಮಗುವಿನ ಓಡಾಟ ಕಡಿಮೆ ಆದರೆ ಬೆಳಗಾಗಲಿ ಅಂತ ಕಾಯಬೇಡಿ. ಸಂಜೆ ಕಾಲು ಸ್ವಲ್ಪ ಬಾತುಕೊಳ್ಳುವುದು ಇದರಲ್ಲಿ ಬರುವುದಿಲ್ಲ, ಅದಕ್ಕೆ ಕಾಲು ಎತ್ತರಕ್ಕೆ ಇಟ್ಟು ಕೂತರೆ ಸಾಕು.

ಮತ್ತೆ 28 ವಾರದಿಂದ ಒದೆತ ಎಣಿಸು. ಊಟ ಮಾಡಿ ಎಡಮಗ್ಗುಲಿಗೆ ಮಲಗಬೇಕು, ಎರಡು ಗಂಟೆಯ ಒಳಗೆ ಹತ್ತು ಸಲ ಮಿಸುಕಾಡಬೇಕು. ಹೆಚ್ಚಿನ ಮಕ್ಕಳು ಅರ್ಧ ಗಂಟೆಯಲ್ಲೇ ಮುಗಿಸುತ್ತವೆ.

ಮಲ್ಪೆ ಮೀನ್ ಮನೆ
ಆಗಸ್ಟ್ 4, ಬೆಳಿಗ್ಗೆ 9:00

ದೋಣಿ ಇಳಿಯಿತು! ಬಿಜೈಯವರೇ, ಇನ್ನು ತಾಜಾ ಬಂಗುಡೆಗೆ ಕಾಯುವುದು ಬೇಡ.

ಬಿಜೈ ಬಾಲ್ಕನಿ
ಆಗಸ್ಟ್ 20, ರಾತ್ರಿ 9:40

31 ವಾರ. ಹಿಮೋಗ್ಲೋಬಿನ್ 10.9. ಸಿಸ್ಟರಕ್ಕ, ಇನ್ನೊಂದು ಪಾಯಿಂಟಿಗೆ 11 ತಪ್ಪಿತು ಅಂತ ಅತ್ತೆಗೆ ಬೇಸರ.

ಬಯಕೆ (ಸೀಮಂತ) ಆಯಿತು. ತಲೆ ತುಂಬ ಮಲ್ಲಿಗೆ ಇಟ್ಟು ಕುತ್ತಿಗೆ ನೋವು ಬಂತು. ಗಂಡ ವಿಡಿಯೋದಲ್ಲಿ ನೋಡಿದರು. ಆಫೀಸಿನಲ್ಲಿ ರಜೆಯ ಪತ್ರ ಕೊಟ್ಟೆ. ಕಾನೂನಿನಲ್ಲಿ 26 ವಾರ ಉಂಟು, ಅದರಲ್ಲಿ 8 ವಾರ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ನಾನು ಮೊದಲು ನಾಲ್ಕು ತೆಗೆದುಕೊಂಡು ಉಳಿದದ್ದು ಮಗುವಿನ ಜೊತೆಗೆ ಇಟ್ಟಿದ್ದೇನೆ.

ಒದೆತ ಎಣಿಸುವ ಕೆಲಸ ಅತ್ತೆ ವಹಿಸಿಕೊಂಡಿದ್ದಾರೆ. ಎರಡು ಬಟ್ಟಲು, ಹತ್ತು ಹುಣಸೆ ಬೀಜ. ಊಟ ಆಗಿ ನಾನು ಮಲಗಿದರೆ ಅವರು ಪಕ್ಕದಲ್ಲಿ ಕೂರುತ್ತಾರೆ. ನಾನು "ಹೂಂ" ಅಂದ ಕೂಡಲೇ ಒಂದು ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ. ನಿನ್ನೆ ಏಳನೆಯದಕ್ಕೆ ನನಗೆ ನಿದ್ದೆ ಹಿಡಿಯಿತು. ಎಬ್ಬಿಸಲಿಲ್ಲವಂತೆ, ಹೊಟ್ಟೆಯ ಮೇಲೆ ಕೈ ಇಟ್ಟು ಉಳಿದ ಮೂರನ್ನು ಅವರೇ ಎಣಿಸಿದರು.

ಸಿಸ್ಟರಕ್ಕ ಬ್ರಹ್ಮಾವರ
ಆಗಸ್ಟ್ 20, ರಾತ್ರಿ 9:58

10.9 ಚೆನ್ನಾಗಿ ಆಯಿತು. ಮಾತ್ರೆ ನಿಲ್ಲಿಸಬೇಡ, ಹೆರಿಗೆ ಆದ ಮೇಲೂ ಉಂಟು. ಮುಂದಿನ ರಕ್ತ ಪರೀಕ್ಷೆ ಯಾವಾಗ?

ಬಿಜೈ ಬಾಲ್ಕನಿ
ಆಗಸ್ಟ್ 20, ರಾತ್ರಿ 10:02

ಸೆಪ್ಟೆಂಬರ್ 17. ಅತ್ತೆ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿದ್ದಾರೆ. ಹೊಸ ಚೀಟಿಯಲ್ಲಿ ಈಗಾಗಲೇ ಎರಡು ಪ್ರಶ್ನೆ ಉಂಟು, ನನಗೆ ತೋರಿಸುವುದಿಲ್ಲ.